ಮೀನುಗಳಿಗೆ ಹೊಸ ಕಂಡಕ್ಟರ್

ಜುಲೈ ೧೨, ಭಾನುವಾರ

ಪ್ರೀತಿಯ ಅಪ್ಪನಿಗೆ,

ನಿನ್ನ 'ಗಡಿಬಿಡಿ'ಯ ನಮಸ್ಕಾರ. ನೀನು ತಮ್ಮನ ಮನೆಗೆ ಹೋಗಿ ತಿಂಗಳಾಗುತ್ತಾ ಬಂತು. ಬರೆಯುತ್ತೇನೆ, ಬರೆಯುತ್ತೇನೆ ಎಂದು ಇವತ್ತಿನವರೆಗೂ ತಳ್ಳಿಕೊಂಡು ಬಂದೆ. ಲ್ಯಾಬಿನಲ್ಲಿ ಕೆಲಸ ಜಾಸ್ತಿ ಎಂದು ಸುಳ್ಳು ಹೇಳುವುದಿಲ್ಲ, ಬರೆಯಲು ಮುಖವಿರಲಿಲ್ಲ. ಫೋನಿನಲ್ಲಾದರೋ ನಾನು "ಊಟ ಆಯ್ತಾ?" ಎನ್ನುತ್ತೇನೆ, ನೀನು ಸ್ವಲ್ಪ ತಡೆದು "ಆಯ್ತು" ಎನ್ನುತ್ತೀಯ. ಲೈನ್ ಸರಿಯಿಲ್ಲ ಎಂದುಕೊಂಡು ಇಟ್ಟುಬಿಡುತ್ತೇನೆ.

ಮೊದಲು ಮೀನುಗಳ ಸಮಾಚಾರ. ಸತ್ತ ಆ ಎರಡು ಬಿಟ್ಟು ಉಳಿದವರೆಲ್ಲ ಕ್ಷೇಮ. ಬೊಜ್ಜಣ್ಣನ ಹೊಟ್ಟೆ ಕರಗಿಲ್ಲ. ಗಾಜು ನೆಕ್ಕುವ ನಿನ್ನ 'ಪಾಸ್ ಗಿರಾಕಿ' ಮೂಲೆಯ ಸೀಟು ಬಿಟ್ಟುಕೊಟ್ಟಿಲ್ಲ. "ಮುಂದೆ ಹೋಗಿ, ಮುಂದೆ ಹೋಗಿ, ಎಲ್ರಿಗೂ ಜಾಗ ಇದೆ" ಎಂದು ಗದರುವವರಿಲ್ಲದೆ ಎಲ್ಲರೂ ಒಂದೇ ಕಡೆ ಮುಗಿಬೀಳುತ್ತಾರೆ. ಜೀವಮಾನವೆಲ್ಲ ಬಸ್ಸಿನಲ್ಲಿ ಕೂಗಿದ್ದು ಸಾಲದು ಅಂತ ಮೀನಿಗೂ ಕೂಗ್ತೀಯಲ್ಲ ಎಂದು ರೇಗಿಸುತ್ತಿದ್ದೆ. ಈಗ ಹಾಲ್ ಬಿಕೋ ಎನ್ನುತ್ತದೆ.

ತೊಟ್ಟಿಯ ನೀರು ಬೆಳ್ಳಗಾಗಿ ಎರಡು ಮೀನು ಸತ್ತಾಗ ನಾನು ಹಿಂದೆಮುಂದೆ ನೋಡಲಿಲ್ಲ. "ಕಾಳು ಹಾಕಿದ್ದು ಮರೆತು ಮತ್ತೆ ಮತ್ತೆ ಹಾಕ್ತಿದ್ದೀಯ" ಎಂದೆ. "ಇಲ್ಲಮ್ಮ, ಸಂಜೆ ಒಂದೇ ಸಲ ಹಾಕೋದು" ಎಂದೆ ನೀನು. "ನಿನಗೆಲ್ಲಿ ನೆನಪಿರುತ್ತೆ ಬಿಡು" ಎಂದುಬಿಟ್ಟೆ, ಅದೂ ನಿನ್ನ ಅಳಿಯನ ಎದುರಿಗೆ.

ಮಾರನೆಯ ದಿನವೇ ತಾನಾಗಿ ಕಾಳು ಹಾಕುವ ಆ ಮಷೀನು ತಂದೆ. ಅದನ್ನು ತೊಟ್ಟಿಯ ಅಂಚಿಗೆ ಬಿಗಿಯುವಾಗ ಸ್ಟೂಲು ಹಿಡಿದುಕೊಂಡಿದ್ದವನು ನೀನೇ. ಡಬ್ಬಿಗೆ ಕಾಳು ತುಂಬಿ, ಬೆಳಿಗ್ಗೆ ಸಂಜೆಯ ಹೊತ್ತು ಹೊಂದಿಸಿ, ಡಬ್ಬಿಯ ಬಾಯಿಯನ್ನು ಅರ್ಧ ತೆರೆದು ಬಟನ್ ಒತ್ತಿದೆ. ಡಬ್ಬಿ ಗಿರ್ರೆಂದು ಒಂದು ಸುತ್ತು ತಿರುಗಿ ಚಿಟಿಕೆ ಕಾಳು ಉದುರಿಸಿತು. ನಾನು ಚಪ್ಪಾಳೆ ತಟ್ಟಿದೆ. "ಹಾಗಾದ್ರೆ ನಂಗೆ ಡ್ಯೂಟಿ ಇಲ್ಲ ಅನ್ನು" ಎಂದೆ ನೀನು. ತಮಾಷೆ ಎಂದುಕೊಂಡು ನಕ್ಕೆ. ಆ ವಾರವೇ ನೀನು ಬ್ಯಾಗು ತುಂಬಿಕೊಂಡೆ.

ನೀನು ಹೋದ ಮೇಲೆ ಅದು ನನ್ನನ್ನು ಸತಾಯಿಸಿದ್ದು ಅಷ್ಟಿಷ್ಟಲ್ಲ. ನೀರಿನ ಪಸೆಗೆ ಕಾಳು ಅಂಟಿಕೊಂಡು ಒಂದೂ ಬೀಳದು. ಒಣಗಿಸಿ, ಮಷೀನನ್ನು ಆಚೆ ಸರಿಸಿ, ಡಬ್ಬಿಗೆ ಅರ್ಧ ಮಾತ್ರ ತುಂಬಿದೆ. ಆಗ ಸುರಿದದ್ದೇ ಸುರಿದದ್ದು. ಬಾಯಿಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಮುಚ್ಚುತ್ತಾ ಬಂದೆ. ಕೊನೆಗೆ ಇರುವೆಗೂ ಸಾಲದಷ್ಟು ಬೀಳುತ್ತಿತ್ತು. ಆದರೂ ನೀರು ಮತ್ತೆ ಬೆಳ್ಳಗಾಯಿತು. ಈಗ ದೂರಲು ನೀನಿರಲಿಲ್ಲ. ನಿನ್ನ ಅಳಿಯನ ಮೇಲೆ ಹರಿಹಾಯ್ದೆ. "ನನ್ಮೇಲೆ ಯಾಕೆ ಹಾರ್ತೀಯ? ನಾನು ಆ ಕಡೆ ತಲೆ ಹಾಕಿಯೂ ಮಲಗಲ್ಲ" ಎಂದರು.

ಕಳೆದ ವಾರ ಒಂದು ಬೆಳಿಗ್ಗೆ ಗೊತ್ತಾಯಿತು. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡುವವರು ಲ್ಯಾಬಿಗೆ ಬಂದು ಕಾಯುತ್ತಿರುತ್ತಾರೆಂದು ಎಂದಿನಂತೆ ಹೆಗಲಿಗೆ ಬ್ಯಾಗು ಹಾಕಿಕೊಂಡು, ತೊಟ್ಟಿಯ ಪಕ್ಕ ನಿಂತೇ ಬ್ರೆಡ್ ತಿನ್ನುತ್ತಿದ್ದೆ. ಮಷೀನು ತಿರುಗಿತು, ಕಾಳು ಬಿತ್ತು. ಒಂದು ಮೀನೂ ಆ ಕಡೆ ಹೋಗಲಿಲ್ಲ. ಎಲ್ಲವೂ ನನ್ನ ಕೈ ಕೆಳಗೆ ಬಾಯಿ ತೆರೆದುಕೊಂಡು ನಿಂತಿದ್ದವು. ನಾನು ತಿಂದು ಮುಗಿಸಿ ದಿನಾ ಮಾಡುವಂತೆ ಕೈ ಒದರಿದೆ. ಬೆಣ್ಣೆ ಮೆತ್ತಿದ ಬ್ರೆಡ್ಡಿನ ಪುಡಿಯೆಲ್ಲ ನೀರಿಗೆ.

ಸಿಂಕಿನವರೆಗೂ ಹೋಗಲು ನನಗೆ ಯಾವತ್ತು ಪುರುಸೊತ್ತಿತ್ತು, ಅಪ್ಪ? ಕೈ ಒದರುವುದೂ ಒಂದು ಕೆಲಸ ಎಂದು ನನ್ನ ತಲೆಗೇ ಬಂದಿರಲಿಲ್ಲ. ಆ ಎರಡು ಮೀನು ಸತ್ತದ್ದು ನನ್ನಿಂದ. ನೀನು ಹೇಳಿದ್ದೇ ನಿಜ, ಸಂಜೆ ಒಂದೇ ಸಲ.

ಈಗ ಕೂತು ತಿನ್ನುತ್ತೇನೆ. ನೀರು ತಿಳಿಯಾಗಿದೆ. ಮಷೀನನ್ನು ಬಿಚ್ಚಿ ಅಟ್ಟಕ್ಕೆ ಹಾಕಿದೆ. ಸಂಜೆ ನಾನೇ ಹಾಕುತ್ತೇನೆ, ಆದರೆ ನನ್ನ ದನಿಗೆ ಅವು ಸರಿಯಾಗಿ ಬರುವುದಿಲ್ಲ. ಡ್ಯೂಟಿಗೆ ವಾಪಸ್ ಬಾ ಅಪ್ಪ. ಮೀನಿನ ನೆಪ ಹೇಳುತ್ತಿದ್ದೇನೆ ಅಷ್ಟೆ, ನನಗೇ ನೀನು ಬೇಕು. ಬೈಯುವುದಾದರೂ ಸರಿ, ಆಶೀರ್ವಾದ ಮಾಡುವುದಾದರೂ ಸರಿ, ಎದುರಿಗೆ ಬಂದು ಮಾಡು.

ನಿನ್ನ,
ಗಡಿಬಿಡಿ

ತಾ.ಕ.: ಮಡಿಚಿದ ಪತ್ರವನ್ನು ಮತ್ತೆ ಬಿಚ್ಚಿದ್ದೇನೆ. ಈಗಷ್ಟೇ ತಮ್ಮ ಫೋನಿನಲ್ಲಿ ಒಂದು ಮಾತು ಹೇಳಿದ. ನಾನು "ಊಟ ಆಯ್ತಾ?" ಎಂದಾಗ ನೀನು ತಡೆಯುವುದು ಲೈನಿನ ತೊಂದರೆಯಿಂದಲ್ಲವಂತೆ. ಫೋನು ಕಿವಿಗಿಟ್ಟುಕೊಂಡೇ ಅವನ ಮುಖ ನೋಡುತ್ತೀಯಂತೆ, ಅವನು ತಲೆಯಾಡಿಸಿದ ಮೇಲೆ "ಆಯ್ತು" ಎನ್ನುತ್ತೀಯಂತೆ. ಆಗಷ್ಟೇ ತಟ್ಟೆ ತೊಳೆದಿಟ್ಟು ಬಂದಿರುತ್ತೀಯಂತೆ. ಅವನು ತೋರಿಸಿದ ಡಾಕ್ಟರು ನಿನ್ನ ನೆನಪಿಗೆ ಏನೂ ಆಗಿಲ್ಲ ಎಂದರೆ, "ನನ್ನ ಮಗಳು ಲ್ಯಾಬಲ್ಲಿದ್ದಾಳೆ, ಅವಳಿಗೆ ಗೊತ್ತಿರುತ್ತೆ" ಎಂದೆಯಂತೆ. ತುಂಬಿದ ಬಸ್ಸಿನಲ್ಲಿ ಯಾರಿಗೆ ಎಷ್ಟು ಚಿಲ್ಲರೆ ಎಂಬುದನ್ನೂ ಮರೆಯದವನಿಗೆ ಈ ಅನುಮಾನ ಹಚ್ಚಿದವಳು ನಾನು. ಇನ್ನು ನಾನು ಕೇಳಿದಾಗ ಅವನ ಮುಖ ನೋಡಬೇಡ, ಅಪ್ಪ. ನೀನು ಊಟ ಮಾಡಿರುತ್ತೀಯ.