ಅಪ್ಪನಿಗೆ ತೋರಿಸಿದ ಬೂಟ್ ಡಿಸ್ಕ್

ಕೋಹೇ,

ಚಿಕ್ಕಮ್ಮನ ಮನೆಗೆ ಹೊರಟಿದ್ದೇನೆ, ಸಂಜೆ ಬರುತ್ತೇನೆ. ಅಪ್ಪನ ಹಳೆಯ ಮಡಚುವ ಕಂಪ್ಯೂಟರ್ ಎಬ್ಬಿಸಲೆಂದು ನಿನ್ನೆಯೆಲ್ಲ ಕೂತು ಮಾಡಿದೆಯಲ್ಲ, ಆ ಬೂಟ್ ಡಿಸ್ಕ್ ಫ್ಲಾಪಿ ಬುದ್ಧನ ಗೂಡಿನಲ್ಲಿ ಅಪ್ಪನ ಫೋಟೋ ಮುಂದಿದೆ. ಕೂಗಾಡಬೇಡ. ಕಲ್ಲಂಗಡಿಯಾಗಲಿ, ನಿನ್ನ ಮಾರ್ಕ್ಸ್ ಕಾರ್ಡಾಗಲಿ, ಈ ಮನೆಗೆ ಬಂದದ್ದನ್ನು ಮೊದಲು ಅವರ ಮುಂದೆ ಇಟ್ಟ ಮೇಲೆಯೇ ಮುಂದಿನ ಮಾತು. ಅವರಿಗೆ ಒಳಗೂ ಕಾಣಲಿ ಎಂದು ಡಿಸ್ಕಿನ ತಗಡಿನ ಬಾಗಿಲು ಸರಿಸಿ, ಮುಚ್ಚಿಕೊಳ್ಳದ ಹಾಗೆ ಹಲ್ಲುಕಡ್ಡಿ ಸಿಕ್ಕಿಸಿದ್ದೆ. ಊದುಬತ್ತಿಯ ಬೂದಿ ಬಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿದ್ದೇನೆ. ಅದರಿಂದ ಇನ್ನೂ ಕೆಟ್ಟಿರಬೇಕು. ಇನ್ನೊಂದು ಮಾಡಿಕೋ.

ಕಂಪ್ಯೂಟರಿನ ಹಳದಿಗಟ್ಟಿದ ಮುಚ್ಚಳ ಬೆಳ್ಳಗಾಗಲೆಂದು ಕೂದಲಿನ ಬ್ಲೀಚ್ ಬಳಿದು, ಪ್ಲಾಸ್ಟಿಕ್ ಸುತ್ತಿ ಬಾಲ್ಕನಿಯ ಬಿಸಿಲಿಗೆ ಇಟ್ಟಿದ್ದೀಯಲ್ಲ, ಪಕ್ಕದ ಮನೆಯ ಕುರಾಮೋಚಿಯವರು ಇಣುಕಿ, "ಏನ್ರೀ, ಈ ಸಲ ಯಾವ ಮೀನು?" ಅಂದರು. "ಮೀನಲ್ಲ ಕಣ್ರೀ, ನಮ್ಮ ಯಜಮಾನರದ್ದು" ಅಂದೆ. ಕಿಟಕಿ ಹಾಕಿಕೊಂಡರು. ಮಧ್ಯಾಹ್ನದೊಳಗೆ ಅದನ್ನು ಒಳಗೆ ತಾ.

ಕಂಪ್ಯೂಟರ್ ಎದ್ದರೆ ಅಪ್ಪನ ಶೋಗಿ ಚದುರಂಗದ ಡಿಸ್ಕ್ ಹಾಕಿ ನೋಡು. ಊಟಕ್ಕೆ ಕರೆದಾಗಲೆಲ್ಲ "ತಡಿಯೇ, ಇನ್ನೇನು ಗೆದ್ದೆ" ಅನ್ನುತ್ತಿದ್ದರು. ಆಸ್ಪತ್ರೆಗೆ ಹೊರಟಾಗಲೂ ಅದನ್ನೇ ಅಂದು, ಆಟವನ್ನು ಅರ್ಧಕ್ಕೆ ಉಳಿಸಿಟ್ಟು ಎದ್ದರು. ನಿಜವಾಗಿಯೂ ಗೆಲ್ಲುವ ಹಾಗಿದ್ದರೆ ಮುಟ್ಟಬೇಡ, ನಾನೇ ಬಂದು ನೋಡುತ್ತೇನೆ.

ಸೋಲುವ ಹಾಗಿದ್ದರೆ, ನಾನು ಬರುವಷ್ಟರಲ್ಲಿ ನೀನು ಆಡಿ ಅವರನ್ನು ಗೆಲ್ಲಿಸಿಡು. ನನಗೆ ಹೇಳಬೇಡ.

ಅಮ್ಮ