ದೊಣೆಯ ಮೇಲೆ ಏಳು ಕಲ್ಲು

ಫೆಬ್ರವರಿ 11

ಬ್ಯಾಟರಿ ಮತ್ತೆ ಇಳಿದಿದೆ. ನಿನ್ನೆ ಇಡೀ ದಿನ ಮೋಡ, ಸೋಲಾರ್ ಹಲಗೆಗಳಿಗೆ ಉಪವಾಸ. ಐದು ಅತಿಥಿಗಳು, ಐವರಿಗೂ ಬಿಸಿನೀರು ಬೇಕು. ಮೋಡವೇನೋ ಬಂತು, ಮಳೆ ಇಲ್ಲ. ಈ ಚಳಿಗಾಲದಲ್ಲಿ ಬಿದ್ದದ್ದು ಎರಡೇ ಮಳೆ.

ಆಡು ಸಾಕುವ ಫಿದ್ದಾ ಚೀಸ್ ತಂದಳು. ಎಂದಿನಂತೆ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಚಹಾ. ನಾಲ್ಕು ಚಮಚ ಸಕ್ಕರೆ ಹಾಕಿದ್ದೆ.

"ಸಕ್ಕರೆ ಮರೆತ್ಯೋ, ಇಲ್ಲಾ ನಿಮ್ಮ ಅಮ್ಮಾನ್ ಪಟ್ಟಣದಲ್ಲಿ ಹಿಂಗೇ ಕುಡೀತಾರೋ?"

ಆರು ವರ್ಷದಿಂದ ಇಲ್ಲಿದ್ದೇನೆ. ಅವಳಿಗೆ ನಾನು ಇನ್ನೂ ನಿನ್ನೆ ಬಸ್ಸಿಳಿದವಳು.

ಹತ್ತು ಗಂಟೆಗೆ ಸಿಗ್ನಲ್ಲಿಗಾಗಿ ಮಾಳಿಗೆ ಹತ್ತಿದೆ. ಮಾಝೆನ್ ಫೋನ್. ಲಾಡ್ಜ್ ಅವನದು, ಓಡಾಟ ನನ್ನದು. "ಎಲ್ಲರೂ ದೊಡ್ಡ ಕಮರಿ ನೋಡ್ತಾರೆ, ಎರಡು ರಾತ್ರಿ ಇರ್ತಾರೆ, ಹೊರಡ್ತಾರೆ. ಬೇರೆ ಏನಾದ್ರೂ ಹುಡುಕು ನಿಸ್ರೀನ್. ಯಾರೂ ಬರೆಯದೇ ಇರೋದು." ಸ್ಕಾಟ್ಲೆಂಡಿನ ಹೆಂಗಸರ ನಡಿಗೆ ಕ್ಲಬ್ ಒಂದಿದೆಯಂತೆ. ಎಂಟು ಜನ, ನಾಲ್ಕು ರಾತ್ರಿ. ಹೊಸ ಕಮರಿ ಇದ್ದರೆ ಮಾತ್ರ ನಮ್ಮಲ್ಲಿಗೆ. ಇಲ್ಲದಿದ್ದರೆ ದಕ್ಷಿಣಕ್ಕೆ ಹೋಗುತ್ತಾರೆ, ಅವರ ಹಿಂದೆ ಉಳಿದ ಗುಂಪುಗಳೂ. ಹಾಗಾದರೆ ಬೇಸಿಗೆಗೆ ಬಾಗಿಲು ಮುಚ್ಚಬೇಕು, ಅಡುಗೆಯವರೆಲ್ಲ ಮನೆಗೆ. ಮಾರ್ಚ್ 10ರೊಳಗೆ ತಿಳಿಸಬೇಕು.

ಫೆಬ್ರವರಿ 12

ಅಬೂ ಖಲಫ್ ಮೇಜಿನ ಆಚೆ ಕೂತು ತಮ್ಮ ಕಾಫಿ ಬಟ್ಟಲನ್ನು ನನ್ನೆದುರು ಇಟ್ಟರು. ತುಟಿಗೆ ತಾಗಿಸಲಿಲ್ಲ. ಅಂದರೆ ಏನೋ ಕೇಳಲಿಕ್ಕಿದೆ. ಎದುರಿನವರು "ಕುಡಿ" ಎಂದರೆ ಕೇಳಿದ್ದನ್ನು ಕೊಟ್ಟ ಹಾಗೆ, ಆಮೇಲೆ ಮಾತು ತಪ್ಪುವಂತಿಲ್ಲ. ಮೊದಲ ವರ್ಷ ಇದು ಗೊತ್ತಿಲ್ಲದೆ ಡ್ರೈವರ್ ಒಬ್ಬನಿಗೆ "ಆರಿಹೋಗುತ್ತೆ, ಕುಡಿಯಿರಿ" ಎಂದು ಉಪಚಾರ ಮಾಡಿ ಎರಡು ವಾರ ರಜೆ ಕೊಟ್ಟಿದ್ದೆ.

"ಹೊಸ ದಾರಿ ಯಾವುದೇ ಇರ್ಲಿ ಸಿತ್ ನಿಸ್ರೀನ್, ಮುಂದೆ ನಡೆಯೋನು ನಾನೇ." ಸಿತ್ ಎಂದರೆ ಅಮ್ಮಾವರು, ಅವರು ನನ್ನನ್ನು ಕರೆಯುವುದೇ ಹಾಗೆ.

"ನಿಮ್ಮ ಮೊಣಕಾಲು?"

"ಯಾವ ಮೊಣಕಾಲು?"

ಇಪ್ಪತ್ತು ವರ್ಷದಿಂದ ಗೈಡ್. ಇಲ್ಲ ಎನ್ನುವುದು ಹೇಗೆ. ಕುಡಿಯಿರಿ ಎಂದೆ. ಎದ್ದು ಹೋಗುವಾಗ ಎರಡು ಸಲ ಗೋಡೆ ಹಿಡಿದರು.

ಫೆಬ್ರವರಿ 15, ಶುಕ್ರವಾರ, ಸಂಜೆ

ರಜೆ. ಕಾಲು ನೋಯುತ್ತಿದೆ, ಮುಖ ಸುಟ್ಟಿದೆ, ಬಹಳ ಖುಷಿಯಲ್ಲಿದ್ದೇನೆ.

ದಿನ ಬಿಟ್ಟು ದಿನ ಫಿದ್ದಾಳ ಆಡುಗಳು ಎದುರಿನ ಬಂಡೆಗೋಡೆಯೊಳಗೆ ಮಾಯವಾಗುತ್ತವೆ. ಮಾಳಿಗೆಯಿಂದ ಆರು ವರ್ಷ ನೋಡಿದ್ದೇನೆ, ಎಲ್ಲಿಗೆ ಎಂದು ಕೇಳಿದವಳಲ್ಲ. ನಿನ್ನೆ ಅಬೂ ಖಲಫರನ್ನು ಕೇಳಿದೆ. ಫಿದ್ದಾಳ ಅಣ್ಣ ತಾನೇ, ಗೊತ್ತಿರುತ್ತದೆ ಎಂದುಕೊಂಡೆ.

"ಅದಾ? ಅದು ಆಡಿನ ದಾರಿ. ಹೆಂಗಸರು ಹೋಗ್ತಾರೆ." ಅಲ್ಲೇನೂ ಇಲ್ಲ ಎನ್ನುವ ದನಿ.

ಹೋದೆ. ಆಡಿನ ಹಿಕ್ಕೆಯೇ ಗೈಡ್. ಕಣಗಿಲೆ ಪೊದೆಯ ಹಿಂದೆ ಒಂದು ಸೀಳು, ಅಡ್ಡ ತಿರುಗಿದರೆ ಮಾತ್ರ ಒಳಗೆ. ಇಪ್ಪತ್ತು ಹೆಜ್ಜೆ ಹೀಗೇ ಉಜ್ಜಿಕೊಂಡು ಹೋಗಬೇಕು, ಆಮೇಲೆ ಕಮರಿ ಬಿಚ್ಚಿಕೊಳ್ಳುತ್ತದೆ. ಕೆಂಪು ಗೋಡೆ, ಅದರಲ್ಲಿ ಬಿಳಿ, ನೇರಳೆ ಪಟ್ಟೆ. ಆಕಾಶ ಒಂದು ದಾರದಷ್ಟು. ಒಂದರ ಮೇಲೊಂದು ಮೂರು ಕಲ್ಲಿನ ದೊಣೆ, ತುಂಬ ಹಸಿರು ನೀರು, ಅಂಚಿನಲ್ಲಿ ಕಣಜಗಳು ಕುಡಿಯುತ್ತಿದ್ದವು. ಸುಮ್ಮನೆ ಕೂತೆ. ಜೋರಾಗಿ ನಕ್ಕುಬಿಟ್ಟೆ—ಗೋಡೆಗಳೂ ನಕ್ಕವು. ನಲವತ್ತಾರನೇ ವಯಸ್ಸಿನಲ್ಲಿ.

"ನಾನು ಕಂಡುಹಿಡಿದೆ" ಎಂದು ಮೇಲೆ ಬರೆದಿದ್ದೆ. ಹೊಡೆದುಹಾಕಿದೆ. ಹಿಕ್ಕೆ ನೋಡಿಕೊಂಡು ಹೋದವಳು ಕಂಡುಹಿಡಿದದ್ದೇನು?

ಫೆಬ್ರವರಿ 17

ಮತ್ತೆ ಹೋದೆ, ಈ ಸಲ ಗಡಿಯಾರ ಹಿಡಿದು. ಪ್ರತಿ ದೊಣೆಯ ಹತ್ತಿರ ದಾರಿ ಕವಲೊಡೆಯುತ್ತದೆ, ತಪ್ಪುವುದು ಸುಲಭ. ಅದಕ್ಕೇ ಮೂರೂ ಕಡೆ ಕಲ್ಲುಗುಪ್ಪೆ ಪೇರಿಸಿದೆ. ಏಳೇಳು ಕಲ್ಲು, ಕೆಳಗೆ ದಪ್ಪ, ಮೇಲೆ ಸಣ್ಣ. ಶಾಲೆಯ ಹೈಕಿಂಗ್ ಕ್ಲಬ್ಬಿನಲ್ಲಿ ಮಿಸ್ ವಿನಿಫ್ರೆಡ್ ಕಲಿಸಿದ್ದು. ಹಿಂದೆ ಬರುವವರ ಮೇಲಿನ ದಯೆ ಇದು, ಗರ್ಲ್ಸ್, ಎನ್ನುತ್ತಿದ್ದರು, ಸೀಟಿ ಊದಿ. ಮೂವತ್ತು ವರ್ಷದ ಮೇಲೂ ಕೈ ಮರೆತಿಲ್ಲ.

ಲಾಡ್ಜಿನ ನಡಿಗೆಗಳ ಲಿಸ್ಟಿಗೆ ಬರೆದೆ: ಮೂರು ದೊಣೆಗಳ ಕಮರಿ. ಮೂರೂವರೆ ಗಂಟೆ. ಫೋಟೊ ಕಳಿಸಿದ್ದಕ್ಕೆ ಮಾಝೆನ್ ಆರು ಬೆಂಕಿ ಇಮೋಜಿ ಕಳಿಸಿದ.

ಫಿದ್ದಾಳನ್ನು ಒಂದು ಮಾತು ಕೇಳಬೇಕಿತ್ತೇ? ಬಯಲು, ಬಂಡೆ... ಕೇಳುವುದೇನು. ಆದರೂ ಈ ಸಾಲು ಬರೆಯುತ್ತಿದ್ದೇನೆ, ಅಂದರೆ ಎಲ್ಲೋ ಚುಚ್ಚುತ್ತಿದೆ.

ಫೆಬ್ರವರಿ 24

ಚೀಸ್ ಅರ್ಧ ಬಂತು. ಫಿದ್ದಾ ಕೂರಲಿಲ್ಲ. ಚಹಾ ಬೇಡವೆಂದಳು. ಹೀಗೆ ಎಂದೂ ಆದದ್ದಿಲ್ಲ.

ಫೆಬ್ರವರಿ 27

ಚೀಸ್ ಇಲ್ಲ. ಬೆಳಗಿನ ತಿಂಡಿಗೆ ರೊಟ್ಟಿ, ಆಲಿವ್, ನನ್ನ ಕ್ಷಮಾಪಣೆ. "ಆಡು ಹಾಲು ಕೊಡ್ತಿಲ್ವಂತೆ," ಎಂದರು ಅಬೂ ಖಲಫ್. "ಕೋಪ ಮಾಡ್ಕೊಂಡಿರೋದು ಆಡೋ ನನ್ನ ತಂಗಿಯೋ, ಗೊತ್ತಿಲ್ಲ."

ಫೆಬ್ರವರಿ 28

ಫಿದ್ದಾಳ ಡೇರೆಗೆ ಹೋದೆ. ಮಜ್ಜಿಗೆ ಕಡೆಯುವ ಚರ್ಮದ ಚೀಲ ಕೋಲಿಗೆ ಖಾಲಿ ನೇತಾಡುತ್ತಿತ್ತು.

"ನೀರು ಇಲ್ವಾ ಅಕ್ಕಾ?"

"ನೀರಿದೆ. ಮೇಲೆ ಕಲ್ಲಿದೆ. ನಮ್ಮ ದೊಣೆಗಳ ಮೇಲೆ ಯಾರೋ ಕಲ್ಲು ಪೇರಿಸಿ ಹೋಗಿದಾರೆ—ಇದು ನಂದು ಅಂತ. ಒಂದಲ್ಲ, ಮೂರಕ್ಕೂ! ಯಾವ ಹೊಟ್ಟೆಬಾಕ ಮನೆತನವೋ."

ಕೈಯಲ್ಲಿ ಚಹಾ ಇತ್ತು. ಕುಡಿಯಲಾಗಲಿಲ್ಲ.

"ಎಷ್ಟು ಚಂದ ಪೇರಿಸಿದಾರೆ ಅಂತೀಯಾ! ಏಳೇಳು ಕಲ್ಲು. ನಮ್ಮವರಾದ್ರೆ ಮೂರು ಕಲ್ಲಿಟ್ಟು ಉಗುಳಿ ಹೋಗ್ತಾರೆ."

"ಆ ನೀರು ಮೊದಲಿಂದ ನಿಮ್ಮದೇ ಅಲ್ವಾ?"

"ಹೌದು, ನಮ್ಮಜ್ಜಿ ಕಾಲದಿಂದ. ಆದ್ರೆ ಈ ವರ್ಷ ಮಳೆ ಇಲ್ಲ, ಅವರ ಆಡು ಎಷ್ಟು ಬಾಯಾರಿದ್ವೋ. ಇಟ್ಟವರು ಬಂದು ಹೇಳ್ತಾರೆ, ಹಂಚ್ಕೊಳೋಣ. ಅಲ್ಲೀವರೆಗೂ ಮುಟ್ಟೋದು ಸರಿಯಲ್ಲ."

ಅಲ್ಲೀವರೆಗೆ ನಲವತ್ತೆರಡು ಆಡು ಮೇಲಿನ ಬುಗ್ಗೆಗೆ ಎರಡು ಗಂಟೆ ಏರಿ, ಎರಡು ಗಂಟೆ ಇಳಿಯುತ್ತಿವೆ. ಹಾಲೆಲ್ಲ ದಾರಿಗೇ ಖರ್ಚು. ನನ್ನ ದಯೆ ಇದು. ಹಿಂದೆ ಬರುವವರ ಮೇಲಿನದು.

ಹೇಳಲಿಲ್ಲ. ಬಾಯಿ ತೆರೆದೆ, "ಚಹಾ ಚೆನ್ನಾಗಿದೆ" ಎಂದೆ.

ಮಾರ್ಚ್ 1

ಹೇಳಲಿಲ್ಲ.

ಮಾರ್ಚ್ 2, ಬೆಳಿಗ್ಗೆ 5.50

ಮಾಳಿಗೆಯಿಂದ ನೋಡುತ್ತಿದ್ದೇನೆ. ಆಡುಗಳು ಬೆಟ್ಟದ ದಾರಿ ಹಿಡಿದಿವೆ. ಹಿಂದೆ ಫಿದ್ದಾ. ಒಂದು ಮರಿಯನ್ನು ಹೆಗಲ ಮೇಲೆ ಹೊತ್ತಿದ್ದಾಳೆ.

ಯಾವುದಕ್ಕೆ ಹೆದರುತ್ತಿದ್ದೇನೆ? ಅವಳು ಬೈಯುತ್ತಾಳೆಂದೇ? ಬೈಗುಳ ದಿನಾ ತಿಂದದ್ದೇ. ಅಲ್ಲ. ಹೇಳಿದರೆ ಕಮರಿ ಲಿಸ್ಟಿನಿಂದ ಹೋಗುತ್ತದೆ. ಅದಕ್ಕೆ ಹೆದರುತ್ತಿದ್ದೇನೆ. ಬರೆದ ಮೇಲೆ ಇನ್ನೂ ಕೆಟ್ಟದಾಗಿ ಕಾಣುತ್ತದೆ.

ಮಾರ್ಚ್ 3

ಅಬೂ ಖಲಫರ ಹತ್ತಿರ ಸುತ್ತು ಬಳಸಿ ಕೇಳಿದೆ. ಯಾರಾದರೂ ಹೋಗಿ ಆ ಕಲ್ಲುಗಳನ್ನು ಸದ್ದಿಲ್ಲದೆ ಕೆಡವಿಬಿಟ್ಟರೆ?

"ಕೆಡವೋದಾ! ಇನ್ನೊಬ್ಬರ ಕಲ್ಲನ್ನಾ! ಆಮೇಲೆ ಎರಡೂ ಕಡೆ ಹಿರಿಯರು ಕೂರ್ಬೇಕು, ಕುರಿ ಕಡೀಬೇಕು. ಇಟ್ಟೋರೇ ಬಂದು ತೆಗೀಬೇಕು." ನನ್ನ ಮುಖ ನೋಡಿದರು. ಕಲ್ಲೆತ್ತಿ ಒಡೆದಿದ್ದ ನನ್ನ ಉಗುರು ನೋಡಿದರು. "ಏಳೇಳು ಕಲ್ಲಂತೆ. ಕೆಳಗೆ ದಪ್ಪ, ಮೇಲೆ ಸಣ್ಣ... ಅಂಗಳದ ಹೂಕುಂಡಗಳನ್ನ ಹೀಗೇ ಜೋಡಿಸಿರೋದು ಯಾರು, ಸಿತ್ ನಿಸ್ರೀನ್?"

ಒಪ್ಪಿಕೊಂಡೆ. ಅವರು ನಗಲು ಶುರುಮಾಡಿದರು. ಮಧ್ಯಾಹ್ನದ ಊಟದಲ್ಲೂ ನಗುತ್ತಿದ್ದರು.

ಮಾರ್ಚ್ 4

ಹೇಳಿದೆ.

ಫಿದ್ದಾ ಕಾಫಿ ಹುರಿದು, ಕುಟ್ಟಿ, ಕುದಿಸಿ ಕೊಟ್ಟಳು. ಬಟ್ಟಲನ್ನು ಚಾಪೆಯ ಮೇಲಿಟ್ಟೆ. ಅವಳು ಬಟ್ಟಲು ನೋಡಿದಳು, ನನ್ನನ್ನು ನೋಡಿದಳು.

"ಏನು ಬೇಕು? ಆಡು ಕೊಡಲ್ಲ."

"ಕ್ಷಮೆ ಬೇಕು. ಕಲ್ಲು ನನ್ನವು."

ಒಂದು ಆಡು ಸೀನಿತು. ಹೊರಗೆ ಅಬೂ ಖಲಫ್ ಡೇರೆಯ ಹಗ್ಗ ಪರೀಕ್ಷಿಸುವವರಂತೆ ಬಗ್ಗಿದ್ದರು.

"ನಿನ್ನವಾ? ಅಯ್ಯೋ ದೇವರೇ... ಹದಿನೈದು ದಿನದಿಂದ ಬೆಟ್ಟದಾಚೆಯವರಿಗೆ ಶಾಪ ಹಾಕಿದ್ದೀನಲ್ಲೇ! ಒಬ್ಬೊಬ್ಬರ ಹೆಸರು ಹಿಡಿದು! ಈಗ ಅವನ್ನೆಲ್ಲ ವಾಪಸ್ ತಗೋಬೇಕಲ್ಲ!" ತೊಡೆ ತಟ್ಟಿಕೊಂಡು ನಕ್ಕಳು. ನಾನೂ ನಕ್ಕೆ, ಬಟ್ಟಲಿಗೆ ಕೈ ಚಾಚಿದೆ.

"ಕೈ ತೆಗಿ. ಕುಡಿ ಅಂದ್ನಾ?"

ತೆಗೆದೆ.

"ಗೊತ್ತಿಲ್ಲದೆ ಇಟ್ಟೆ, ಅದು ಹೋಗ್ಲಿ. ಆವತ್ತು ನಾನು ಹೇಳ್ದಾಗ ಗೊತ್ತಾಯ್ತಲ್ಲ? ಆಮೇಲೂ ನಾಲ್ಕು ದಿನ ನನ್ನ ಆಡು ಬೆಟ್ಟ ಹತ್ತಿದ್ವು. ಆ ನಾಲ್ಕು ದಿನ ಯಾರ ತಲೆ ಮೇಲೆ?"

"ನನ್ನ ತಲೆ ಮೇಲೆ. ಕಮರಿ ಆಸೆಗೆ ಬಾಯಿ ಮುಚ್ಕೊಂಡಿದ್ದೆ. ಲಿಸ್ಟಿನಿಂದ ತೆಗೀತೀನಿ."

ಬೆಂಕಿ ಕೆದಕಿದಳು. "ನಮ್ಮಲ್ಲಿ ಕಲ್ಲಿಟ್ಟವರು ಹೂಳು ತೆಗೀಬೇಕು. ಮೂರು ದೊಣೆ. ಮೂರೂ ನಿಂದೇ."

"ಆಯ್ತು."

"ಹಾಗಾದ್ರೆ ಕುಡಿ."

ಆರಿ ತಣ್ಣಗಾಗಿತ್ತು. ಒಂದು ತೊಟ್ಟೂ ಬಿಡಲಿಲ್ಲ. ಅಲ್ಲಿಂದಲೇ ಕಮರಿಗೆ ಹೋಗಿ, ಅವಳ ಕಣ್ಣೆದುರೇ ಇಪ್ಪತ್ತೊಂದು ಕಲ್ಲು ಇಳಿಸಿದೆ. ಆಡುಗಳು ನನ್ನನ್ನು ತಳ್ಳಿಕೊಂಡು ನೀರಿಗೆ ನುಗ್ಗಿದವು.

ಮಾರ್ಚ್ 7

ಬೆನ್ನು ನನ್ನದಲ್ಲ. ಮೊಣಕಾಲವರೆಗೆ ಕೆಸರು, ಬಕೆಟ್, ಮತ್ತೆ ಬಕೆಟ್. ಎರಡು ದೊಣೆ ಮುಗಿಯಿತು. ಫಿದ್ದಾ ನೆರಳಿನಲ್ಲಿ ಕೂತು ಉಣ್ಣೆ ನೂಲುತ್ತಾ ಮೇಲ್ವಿಚಾರಣೆ.

"ಆ ಮೂಲೇಲಿ ಬಿಟ್ಟೆ ನೋಡು. ಇಂಗ್ಲಿಷ್ ಶಾಲೇಲಿ ಬಕೆಟ್ ಹಿಡಿಯೋದು ಕಲಿಸ್ಲಿಲ್ವಾ?"

ಆಮೇಲೆ, ಸಂಬಂಧವೇ ಇಲ್ಲದ ಹಾಗೆ: "ಬರೋರು ಹೆಂಗಸರು ಅಂದ್ಯಲ್ಲ. ಎಂಟೂ ಜನಾನಾ? ಗಂಡಂದಿರು ಎಲ್ಲಿ?"

"ಮನೇಲಿ."

"ಒಳ್ಳೇದು." ಕದಿರು ಎರಡು ಸುತ್ತು ತಿರುಗಿತು. "ಆಡು ಕುಡಿದ ಮೇಲೆ ಬರ್ಲಿ. ನಾನೇ ಕರ್ಕೊಂಡು ಹೋಗ್ತೀನಿ. ನೀರಿಗೆ ಕಾಲು ಹಾಕೋ ಹಾಗಿಲ್ಲ. ಸೋಪು ಇಲ್ಲ. ಕಲ್ಲು ಪೇರಿಸೋರನ್ನ ಅಲ್ಲೇ ಬಿಟ್ಟು ಬರ್ತೀನಿ."

ಕೆಸರುಗೈಯಲ್ಲೇ ಅಪ್ಪಿಕೊಳ್ಳಲು ಹೋದೆ. ಕದಿರಿನಿಂದ ಹೊಡೆದಳು.

ಮಾರ್ಚ್ 9

ಮಾಝೆನ್‌ಗೆ ಕಳಿಸಿದ್ದು ಇಷ್ಟೇ: ಫಿದ್ದಾಳ ಜೊತೆ ನಡಿಗೆ. ಹೊತ್ತು ಅವಳು ಹೇಳಿದ್ದು.

"ಹೆಸರಿಲ್ಲ, ನಕ್ಷೆ ಇಲ್ಲ. ಇದೇನು ದಾರಿ?"

"ಅವರು ಕೇಳಿದ್ದು ಯಾರೂ ಬರೆಯದ ಕಮರಿ ತಾನೇ. ನಾವೂ ಬರೆಯೋದು ಬೇಡ."

ಮಾಝೆನ್ ಉಸಿರು ಬಿಟ್ಟದ್ದು ಅಮ್ಮಾನಿನಿಂದ ಇಲ್ಲಿಗೆ ಕೇಳಿತು.

ಮಾರ್ಚ್ 13

ಬರುತ್ತಾರೆ! ನಕ್ಷೆ ಇಲ್ಲವೆಂದದ್ದೇ ಇಷ್ಟವಾಯಿತಂತೆ. ಮಾಝೆನ್ ಎಲ್ಲ ತನ್ನದೇ ಐಡಿಯಾ ಎನ್ನುವ ಹಾಗೆ ಮಾತಾಡಿದ. ಮಾತಾಡಲಿ. ಅಡುಗೆಮನೆಯಲ್ಲಿ ಪಾತ್ರೆ ಬಡಿದು ಹಾಡಿದರು.

ಮಾರ್ಚ್ 20

ಎಂಟು ಜನ, ಹದಿನಾರು ಊರುಗೋಲು. ಹಿರಿಯಾಕೆ ಮೊರಾಗ್, ಎಪ್ಪತ್ತೆಂಟು. ಚೀಸ್ ಮೂರು ಸಲ ಹಾಕಿಸಿಕೊಂಡರು. ಹೌದು, ಚೀಸ್ ವಾಪಸ್ ಬಂದಿದೆ, ಹಳೆಯ ಅಳತೆಯಲ್ಲೇ.

ಅಬೂ ಖಲಫ್ ಅಂಗಳದಲ್ಲಿ ಕೂತು ಬೂಟಿಗೆ ಪಾಲಿಶ್ ಹಾಕುತ್ತಿದ್ದರು. ಆಗ ನೆನಪಾಯಿತು. ಹೊಸ ದಾರಿಯಲ್ಲಿ ಮುಂದೆ ನಡೆಯುವುದು ಅವರೇ ಎಂದು ಮಾತು ಕೊಟ್ಟವಳು ನಾನು. ಫಿದ್ದಾಳಿಗೆ ಅದನ್ನು ಹೇಳಿಯೇ ಇಲ್ಲ. ಮತ್ತೆ ಅದೇ ರೋಗ.

ಮಾರ್ಚ್ 21, ಬೆಳಿಗ್ಗೆ 7.10

ಆಡುಗಳಿಗೆ ನೀರು ಕುಡಿಸಿ ಆಯಿತು. ಅತಿಥಿಗಳು ಅಂಗಳದಲ್ಲಿ ಬೂಟು ಕಟ್ಟುತ್ತಿದ್ದಾರೆ. ಫಿದ್ದಾ ಹೊಸ ತಲೆವಸ್ತ್ರ ಸುತ್ತಿ ಬಂದಿದ್ದಾಳೆ. ಅಡುಗೆಮನೆಯಿಂದ ಕಾಫಿ ತಂದು, ನನ್ನ ಮೇಜಿನ ಮೇಲೆ ಬಟ್ಟಲು ಇಟ್ಟಳು. ಮುಟ್ಟಲಿಲ್ಲ.

"ನಮ್ಮಣ್ಣ ಬರೋದು ಬೇಡ. ಅವನಿಗೆ ದಾರಿ ಗೊತ್ತಿಲ್ಲ, ಗೊತ್ತಿಲ್ಲ ಅಂತ ಒಪ್ಪೋದೂ ಇಲ್ಲ. ಎಂಟೂ ಜನರನ್ನ ಕಣಗಿಲೆ ಪೊದೆಗೆ ನುಗ್ಗಿಸ್ತಾನೆ."

ಅಬೂ ಖಲಫರಿಗೆ ಕುಡಿಯಿರಿ ಎಂದಾಗಿದೆ. ಇವಳಿಗೆ ಕುಡಿ ಎಂದರೆ ಆ ಮಾತು ಸುಳ್ಳು. ಎನ್ನದಿದ್ದರೆ ಇವಳು ಆಡು ಹೊಡೆದುಕೊಂಡು ಮನೆಗೆ. "ಒಂದು ನಿಮಿಷ ಅಕ್ಕಾ" ಎಂದು ಪುಸ್ತಕ ತೆಗೆದು ಏನೋ ಹುಡುಕುವವಳಂತೆ ಇದನ್ನು ಬರೆಯುತ್ತಿದ್ದೇನೆ. ಅವಳು ರೆಪ್ಪೆ ಬಡಿಯದೆ ನೋಡುತ್ತಿದ್ದಾಳೆ. ಬಟ್ಟಲಿನ ಹಬೆ ಕಡಿಮೆಯಾಗುತ್ತಿದೆ.

ಬೂಟಿನ ಸದ್ದು. ಅಬೂ ಖಲಫ್. ಕೈಯಲ್ಲಿ ಬಟ್ಟಲು. ತಂಗಿಯ ಮುಖ ನೋಡದೆ ಪಕ್ಕದಲ್ಲಿ ಕೂತರು, ನಿಧಾನವಾಗಿ, ಮೇಜಿನಂಚು ಹಿಡಿದು. ಬಟ್ಟಲನ್ನು ಅವಳ ಬಟ್ಟಲ ಪಕ್ಕಕ್ಕಿಟ್ಟರು. ಅವರೂ ಮುಟ್ಟಲಿಲ್ಲ.

"ಸಿತ್ ನಿಸ್ರೀನ್," ಹೊಳೆಯುವ ಬೂಟನ್ನೇ ನೋಡುತ್ತಾ ಎಂದರು, "ಆವತ್ತು ನೀವು ಕೇಳಿದ್ರಲ್ಲ... ಆ ಮೊಣಕಾಲು... ಇವತ್ತು ಮುಂದೆ ನಡೆಯೋಕೆ ಬಿಡಲ್ಲ ಅಂತಿದೆ..."

ಫಿದ್ದಾ ನಗು ತಡೆಯಲು ತಲೆವಸ್ತ್ರದ ಅಂಚನ್ನು ಬಾಯಿಗೆ ಒತ್ತಿಕೊಂಡಿದ್ದಾಳೆ, ಹೆಗಲು ಕುಣಿಯುತ್ತಿದೆ. ಕುಡಿಯಿರಿ, ಇಬ್ಬರೂ ಕುಡಿಯಿ—