ನನಗೂ ಒಂದು ಸೋಮವಾರ

ಇಟಗಿ, ಯಲಬುರ್ಗಾ ತಾಲೂಕು
ಕಾರ್ತಿಕ ಶುದ್ಧ ಪಂಚಮಿ, ೧೯೪೧

ಮಗಳೇ ಕಳಕವ್ವ,

ನೀನೂ ನಿನ್ನ ಮನೆಯವರೂ ಸುಖವಾಗಿರಿ. ಮಹಾನವಮಿಗೆ ಮೊದಲೇ ಬಂದ ನಿನ್ನ ಪತ್ರಕ್ಕೆ ಇವತ್ತು ಉತ್ತರ ಬರೆಯುತ್ತಿದ್ದೇನೆ, ಸಿಟ್ಟಾಗಬೇಡ. ಹಿಂಗಾರಿ ಬಿತ್ತನೆ, ಮನೆ ತುಂಬ ಆಳು, ನಿನಗೆ ಗೊತ್ತಿದ್ದದ್ದೇ. ಗಂಗಾವತಿಯ ಮನೆಯಲ್ಲಿ ತಲೆ ಬಾಚಿಕೊಳ್ಳುವುದಕ್ಕೂ ಪುರಸೊತ್ತಿಲ್ಲ ಎಂದು ಬರೆದಿದ್ದೀಯಲ್ಲ, ಅದಕ್ಕೇ ನನ್ನ ಸುದ್ದಿ ನಿನಗೆ ಹೇಳಬೇಕು.

ಈ ಸಲ ಮಳೆ ತಡವಾಯಿತು. ಹದ ಆರುವ ಮೊದಲು ಜೋಳ ಬಿತ್ತಬೇಕು, ಅಂಥದ್ದರಲ್ಲಿ ಸೋಮವಾರ ಬಂತು. ಇದೊಂದು ಸೋಮವಾರ ಎತ್ತು ಹೂಡು ಎಂದು ಓಣಿಯವರು ಎಷ್ಟು ಹೇಳಿದರೂ ನಿಮ್ಮಪ್ಪ ಒಪ್ಪಲಿಲ್ಲ. ಬಸವಣ್ಣನ ವಾರ, ಹದ ಹೋದರೆ ಹೋಗಲಿ ಎಂದರು. ಕೇಳಿ ನನಗೆ ಹೆಮ್ಮೆಯೇ ಆಯಿತು. ಎತ್ತುಗಳ ಮೈ ತೊಳೆದು, ಕೊರಳು ನೀವಿ ಒಳಗೆ ಬಂದವರು, ಇವತ್ತು ಹೇಗೂ ಹೊಲದ ಬುತ್ತಿ ಕಟ್ಟುವುದಿಲ್ಲ, ಖಾರ ಕುಟ್ಟಿಬಿಡು, ಹಾಗೆಯೇ ಕಣಜ ಸಾರಿಸಿಬಿಡು ಎಂದರು.

ಬೀಸುತ್ತಿದ್ದ ಕಲ್ಲು ನಿಲ್ಲಿಸಿದೆ.

"ಎತ್ತಿಗೆ ಸೋಮಾರ ಕೊಟ್ಟೀರಿ. ನನ್ನ ವಾರ ಯಾವ್ದು, ಹೇಳ್ರಿ."

ನಿಮ್ಮಪ್ಪ ನಕ್ಕರು. "ನಿನ್ನ ಕೊಳ್ಳಿಗೆ ನಾ ಯಾವಾಗ ನೊಗಾ ಇಟ್ಟೇನಿ?"

ಕೈ ತೊಳೆದು, ಸೆರಗು ಹೊದ್ದು, ಮಹಾದೇವ ಗುಡಿಗೆ ಹೋಗಿ ಕಂಬಕ್ಕೊರಗಿ ಕೂತೆ. ಮೊದಮೊದಲು ಕೈ ಸುಮ್ಮನಿರಲೇ ಇಲ್ಲ, ಕಲ್ಲಿನ ಮೇಲಿನ ಕಸ ಆರಿಸತೊಡಗಿತು. ಆಮೇಲೆ ಅದೂ ಸುಮ್ಮನಾಯಿತು. ಮೋಡದ ನೆರಳು ಹೊಲದಿಂದ ಹೊಲಕ್ಕೆ ದಾಟುವುದನ್ನು ನೋಡಿದೆ. ಈ ಊರಿಗೆ ಸೊಸೆಯಾಗಿ ಬಂದ ಮೇಲೆ, ಮಳೆ ಬರುತ್ತದೋ ಇಲ್ಲವೋ ಎಂಬ ಲೆಕ್ಕವಿಲ್ಲದೆ ಮೋಡ ನೋಡಿದ್ದು ಅಂದೇ.

ಸಂಜೆ ಮನೆಗೆ ಬಂದರೆ ಎಲ್ಲರೂ ಒಣಗಿದ ಕಟಕ ರೊಟ್ಟಿ, ಗುರೆಳ್ಳು ಚಟ್ನಿ ತಿಂದು ಮುಖ ಗಂಟಿಕ್ಕಿಕೊಂಡು ಕೂತಿದ್ದರು. ಊರಲ್ಲಿ ತಲೆ ಎತ್ತದ ಹಾಗೆ ಮಾಡಿದೆ ಎಂದು ನಿನ್ನ ಅಜ್ಜಿ ಬೈದರು. ಬೈಸಿಕೊಂಡೆ. ಆದರೆ ಮುಂದಿನ ರವಿವಾರವೇ ಮರುದಿನಕ್ಕೂ ಆಗುವಷ್ಟು ರೊಟ್ಟಿ ಬಡಿದಿಟ್ಟೆ.

ಆ ಸೋಮವಾರ ಮತ್ತೆ ಸೆರಗು ಹೊದ್ದು ಹೊರಟಾಗ ನಿಮ್ಮಪ್ಪ, "ಈ ಬಸವಣ್ಣಗೂ ಸೂಟಿ ಏನು?" ಎಂದು ಕೆಣಕಿದರು. ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ನಿನ್ನ ಅಜ್ಜಿಯ ದನಿ ಬಂತು.

"ಸೂಟಿ ಐತಿ. ಕೊಡಾ ಅಲ್ಲೈತಿ, ನೀರ ತರಾಕ ನೀ ಹೋಗು."

ಅಷ್ಟು ಹೇಳಿ ಕೋಲೂರಿಕೊಂಡು ನನ್ನ ಜೊತೆಗೇ ಗುಡಿಗೆ ಬಂದರು. ಈಗ ಪ್ರತಿ ಸೋಮವಾರ ನಾವಿಬ್ಬರೂ ಅಲ್ಲಿ ಕೂರುತ್ತೇವೆ. ನಿಮ್ಮಪ್ಪ ಯಾರಿಗೂ ಗುರುತು ಸಿಗಬಾರದೆಂದು ರುಮಾಲು ಕಣ್ಣಿನ ತನಕ ಇಳಿಸಿಕೊಂಡು ನೀರು ತರುತ್ತಾರೆ. ಊರಿಗೆಲ್ಲ ಗೊತ್ತಾಗಿದೆ, ಅವರಿಗೊಬ್ಬರಿಗೆ ಹೇಳಿಲ್ಲ. ಬಿತ್ತನೆಯೂ ಮುಗಿಯಿತು, ಸಾಲು ಹಿಡಿದು ಮೊಳಕೆ ಎದ್ದಿದೆ.

ನೀನೂ ನಿನ್ನ ಅತ್ತೆಯವರನ್ನು ಕೇಳು. ಜಗಳಕ್ಕೆ ನಿಲ್ಲಬೇಡ, ಕೇಳು. ಯಾವ ವಾರವಾದರೂ ಆಗಲಿ, ನಿನ್ನದಾಗಿರಲಿ. ಎತ್ತುಗಳಿಗೆ ಕೇಳದೆಯೇ ಸಿಕ್ಕ ಮರ್ಯಾದೆಯನ್ನು ನಿನ್ನ ಅವ್ವ ಕೇಳಿ ಪಡೆದಿದ್ದಾಳೆ ಎಂಬುದು ನೆನಪಿರಲಿ. ನಿನ್ನ ಹೊಟ್ಟೆ ತಣ್ಣಗಿರಲಿ, ಕೈಗೆ ಬಲ ಬರಲಿ.

ನಿನ್ನ ಅವ್ವ,
ವಿರೂಪಾಕ್ಷಮ್ಮ

ತಾ. ಕ.: ಅಜ್ಜಿ ಹೇಗೆ ತಿರುಗಿದರು ಎಂದು ನೀನು ಕೇಳದೆ ಇರುವವಳಲ್ಲ. ಗುಡಿಯಲ್ಲಿ ಹಗಲೆಲ್ಲ ಏನು ಮಾಡಿದೆ ಎಂದು ಅವರು ಆ ವಾರ ನನ್ನನ್ನು ಕೇಳಿದ್ದರು. ನಿನ್ನ ತಮ್ಮ ಕೊಟ್ರಪ್ಪ ಕಾಲರಾದಲ್ಲಿ ಹೋದದ್ದೂ ಬಿತ್ತನೆಯ ಹಂಗಾಮಿನಲ್ಲೇ, ನೀನಾಗ ಸಣ್ಣವಳು. ಅವನನ್ನು ಮಣ್ಣು ಮಾಡಿ ಬಂದ ಮರುದಿನ ಆಳುಗಳಿಗೆ ರೊಟ್ಟಿ ಬಡಿದೆ. ಆಮೇಲೆ ಅಳು ಬಂದಾಗಲೆಲ್ಲ ಯಾವುದಾದರೊಂದು ಕೆಲಸ ಕೂಗುತ್ತಿತ್ತು. ಮಧ್ಯಾಹ್ನದ ತನಕ ಮೋಡ ನೋಡಿದೆ, ಆಮೇಲೆ ಅವನನ್ನು ನೆನೆದು ಅಳುತ್ತ ಕೂತಿದ್ದೆ ಎಂದು ಹೇಳಿದೆ. ನಿನ್ನ ಅಜ್ಜಿ ಕೋಲು ಬದಿಗಿಟ್ಟು ನನ್ನ ಪಕ್ಕ ಕೂತರು. ಆಮೇಲೆ, "ಅವನ ಸಲುವಾಗಿ ನಾನೂ ಅತ್ತಿಲ್ಲವ್ವಾ. ನನ್ನೂ ಕರ್ಕೊಂಡು ಹೋಗು" ಎಂದರು.